ಡಿಸ್ಕೊ ತಟ್ಟೆಯ ಮೇಲೆ ಕೊಡವರ ಹೆಸರು

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರಿನ ಕಡೆ ಎಂಬತ್ತರ ದಶಕದ ಮದುವೆಗೆ ಮೈಕ್‌ಸೆಟ್ ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಬೇವಿನ ಗಿಡದ ತುದಿಗೆ ಹಾರ್ನ್ ಕಟ್ಟಿ ರೆಕಾರ್ಡ್ ಹಚ್ಚಿದರೆ ಸುತ್ತಲಿನ ಹೊಲಗಳಿಗೂ ಕೇಳಬೇಕು. ಮೊದಲು ದೇವರ ಹಾಡು, ಆಮೇಲೆ ರಾಜ್‌ಕುಮಾರ್, ಬೀಗರ ಊಟ ಮುಗಿಯುವ ಹೊತ್ತಿಗೆ ಹುಡುಗರ ಒತ್ತಾಯಕ್ಕೆ ಹಿಂದಿ. 1980ರಲ್ಲಿ ‘ಕುರ್ಬಾನಿ’ ಬಂದ ಮೇಲೆ ಅದರ ಡಿಸ್ಕೊ ಹಾಡು ದೇಶದ ಯಾವ ಹಾರ್ನನ್ನೂ ಬಿಡಲಿಲ್ಲ. ಹಾಡಿದ್ದು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್, ವಯಸ್ಸು 15. ಚಿತ್ರದ ಉಳಿದ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿಯವರದು. ಈ ಒಂದು ಹಾಡಿನ ಸಂಗೀತ ಮಾತ್ರ ನಮ್ಮವರೇ ಆದ ಬಿದ್ದು ಅಪ್ಪಯ್ಯ ಅವರದು.

ಬಿದ್ದು ಹುಟ್ಟಿದ್ದು ಬೆಂಗಳೂರಿನಲ್ಲಿ, ಕೊಡವ ಮನೆತನದಲ್ಲಿ. ಹರೆಯದಲ್ಲಿ ‘ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿಕೊಂಡು ಗಿಟಾರ್ ಹಿಡಿದು ಹಾಡಿದರು. 1967ರ ಹೊತ್ತಿಗೆ ಇಂಗ್ಲೆಂಡ್ ಸೇರಿದರು. ಕೈಯಲ್ಲಿ ಕಾಸಿಲ್ಲ, ಸಂಗೀತ ಲೋಕದಲ್ಲಿ ಗುರುತಿನವರಿಲ್ಲ. ಸಿಕ್ಕ ಕೆಲಸ ಮಾಡುತ್ತ, ದುಡ್ಡು ಕೂಡಿದಾಗ ಸ್ಟುಡಿಯೊ ಬಾಡಿಗೆ ಹಿಡಿಯುತ್ತ ಬಂದರು.

1974ರಲ್ಲಿ ಅವರು ಗಾಯಕ ಕಾರ್ಲ್ ಡಗ್ಲಸ್‌ಗಾಗಿ ಒಂದು ರೆಕಾರ್ಡ್ ಮಾಡಿದರು. ಸ್ಟುಡಿಯೊ ಸಮಯವೆಲ್ಲ ಮುಖ್ಯ ಹಾಡಿಗೇ ಖರ್ಚಾಗಿತ್ತು. ತಟ್ಟೆಯ ಹಿಂಬದಿ ತುಂಬಿಸಲೆಂದು ಕೊನೆಯ ಹತ್ತು ನಿಮಿಷಗಳಲ್ಲಿ ಅವಸರವಸರವಾಗಿ ಮುಗಿಸಿದ ಹಾಡೇ ‘ಕುಂಗ್ ಫೂ ಫೈಟಿಂಗ್’. ಕಂಪನಿಯವರು ಕೇಳಿದವರೇ ಅದನ್ನು ಮುಂಬದಿಗೆ ತಂದರು. ಅದೇ ವರ್ಷ ಬ್ರಿಟನ್, ಅಮೆರಿಕ ಎರಡರಲ್ಲೂ ಹಾಡು ಮೊದಲ ಸ್ಥಾನಕ್ಕೇರಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮತ್ತೆ ಅದೇ ಪಟ್ಟಕ್ಕೇರಿತು. ಅದರ ಹಿಂದೆಯೂ ಇದ್ದದ್ದು ಬಿದ್ದು ಅವರೇ.

‘ಕುಂಗ್ ಫೂ ಫೈಟಿಂಗ್’ ಗೆಲುವಿನ ಬಲದ ಮೇಲೆ ಹುಟ್ಟಿದ್ದು ‘ಬಿದ್ದು ಆರ್ಕೆಸ್ಟ್ರಾ’. 1975ರಲ್ಲಿ ‘ಬ್ಲೂ-ಐಡ್ ಸೋಲ್’, 1976ರಲ್ಲಿ ‘ರೇನ್ ಫಾರೆಸ್ಟ್’, 1977ರಲ್ಲಿ ‘ಈಸ್ಟರ್ನ್ ಮ್ಯಾನ್’ ಎಂಬ ಎಲ್‌ಪಿಗಳು ಎಪಿಕ್ ಲೇಬಲ್ ಹೊತ್ತು ಬಂದವು. ಮೊದಲ ಎಲ್‌ಪಿಯಲ್ಲಿ ‘ಸಮರ್ ಆಫ್ 42’ ಚಿತ್ರಕ್ಕೆ ಮಿಶೆಲ್ ಲೆಗ್ರಾಂಡ್ ಕಟ್ಟಿದ ನಿಧಾನಗತಿಯ ರಾಗವನ್ನು ಬಿದ್ದು ಕುಣಿತಕ್ಕೆ ಇಳಿಸಿದರು. ಪಿಟೀಲುಗಳ ಗುಂಪು ರಾಗವನ್ನು ಹೊತ್ತು ಸಾಗಿದರೆ ಕೆಳಗೆ ಬೇಸ್ ಗಿಟಾರ್ ಬೇರೆಯದೇ ನಡೆ ಹಿಡಿಯುತ್ತದೆ. ಬ್ರಿಟನ್ನಿನ ಪಟ್ಟಿಯಲ್ಲಿ ಅದು 14ನೇ ಸ್ಥಾನಕ್ಕೆ ಬಂತು.

ಡಿಸ್ಕೊದಲ್ಲಿ ದೊಡ್ಡ ಡ್ರಮ್ಮು ನಾಲ್ಕು ಎಣಿಕೆಗೂ ಒಂದೇ ಸಮ ಬೀಳುತ್ತದೆ, ನಿಮಿಷಕ್ಕೆ ಸುಮಾರು 120 ಪೆಟ್ಟು. ಫಂಕ್ ಎಂಬ ಇನ್ನೊಂದು ಕುಣಿತದ ಸಂಗೀತದಲ್ಲಿ ಮೊದಲ ಪೆಟ್ಟಿಗೇ ತೂಕ, ಉಳಿದವುಗಳ ನಡುವೆ ಬೇಸ್ ನುಸುಳಿ ಆಡುತ್ತದೆ. ನಮ್ಮ ಡೊಳ್ಳು ಕುಣಿತ ಕೇಳಿ ಬೆಳೆದವರಿಗೆ ಈ ಪೆಟ್ಟಿನ ಸುಖವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಬೇಸ್ ತಟ್ಟೆಯ ಮೇಲೆ ಕಣ್ಣಿಗೂ ಕಾಣುತ್ತದೆ. ಎಲ್‌ಪಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೆಲವು ಕಡೆ ಗೆರೆಗಳು ಒತ್ತಾಗಿವೆ, ಕೆಲವು ಕಡೆ ಅಗಲವಾಗಿವೆ. ಭಾರದ ನಾದ ಬಂದಲ್ಲಿ ಗೆರೆ ಅತ್ತಿತ್ತ ಹೆಚ್ಚು ಓಲಾಡುತ್ತದೆ, ಹಾಗಾಗಿ ಅದಕ್ಕೆ ಜಾಗ ಬೇಕು. ಒಂದು ಬದಿಗೆ ಸುಮಾರು 20 ನಿಮಿಷದ ಸಂಗೀತ ತುಂಬುವ, ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯಲ್ಲಿ ಆ ಜಾಗ ಸಾಲದು. ಅದಕ್ಕೆಂದೇ ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕಿನಲ್ಲಿ 12 ಅಂಗುಲದ ತಟ್ಟೆಯ ಬದಿಗೊಂದೇ ಹಾಡು ಕೂರಿಸುವ ರೂಢಿ ಶುರುವಾಯಿತು. ಡಿಸ್ಕೊ ಅಡಿಪಾಯ ಗಟ್ಟಿಯಾದದ್ದು ಆ ಅಗಲ ಗೆರೆಗಳಿಂದ.

‘ಕುರ್ಬಾನಿ’ಯ ಮರುವರ್ಷವೇ ಬಿದ್ದು–ನಾಜಿಯಾ ಜೋಡಿಯ ‘ಡಿಸ್ಕೊ ದೀವಾನೆ’ ಆಲ್ಬಮ್ ಬಂತು. ಅದೇ 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಸಂಗೀತದಲ್ಲಿ ಕನ್ನಡವೂ ಈ ಬೇಸಿಗೆ ಹೆಜ್ಜೆ ಹಾಕಿತು. ‘ಗೀತಾ’ದ ಹಾಡುಗಳನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಆ ಡಿಸ್ಕೊ ಅಲೆಯನ್ನು ಲಂಡನ್ನಿನಿಂದ ಎಬ್ಬಿಸಿದವರಲ್ಲಿ ಒಬ್ಬರು ಬೆಂಗಳೂರಿನವರೆಂಬುದನ್ನು ಮಾತ್ರ ಮರೆತೆವು. ಕನ್ನಡ ನಾಡಿನ ಸಂಗೀತ ಚರಿತ್ರೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರಿಗೆ, ಭೀಮಸೇನ ಜೋಶಿಯವರಿಗೆ ಸಲ್ಲುವ ಗೌರವ ದೊಡ್ಡದು, ಸಲ್ಲಲೇಬೇಕಾದದ್ದು. ಅದೇ ಚರಿತ್ರೆಯಲ್ಲಿ ಬಿದ್ದು ಅಪ್ಪಯ್ಯ ಅವರಿಗೂ ಒಂದು ಅಧ್ಯಾಯ ಇರಬೇಕು.

ಕ್ಯಾಸೆಟ್ ಬಂದ ಮೇಲೆ ಮೈಕ್‌ಸೆಟ್ಟಿನವರ ರೆಕಾರ್ಡ್ ಪೆಟ್ಟಿಗೆಗಳು ಅಟ್ಟ ಸೇರಿದವು. ನಿಮ್ಮ ಮನೆಯಲ್ಲೂ ಅಂಥದೊಂದು ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ, ಬಿಸಿಲು ತಾಗದಂತೆ ನೋಡಿಕೊಳ್ಳಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ. ಕವರಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಬಿಡದೆ ಓದಿ. ಬಿದ್ದು ಎಂಬ ಹೆಸರು ಕಂಡರೆ ಮನೆಯ ಮಕ್ಕಳನ್ನು ಕರೆದು, ಇವರು ನಮ್ಮ ನಾಡಿನವರು ಎಂದು ಹೇಳಿಕೊಡಿ.