ಗೆಣಸಿನ ಸಿಹಿ ಹುಟ್ಟುವುದು ಒಲೆಯ ಮೇಲೆ

ಬೆಳಗಾವಿಯ ಓದುಗರೊಬ್ಬರು ಕೇಳಿದ್ದಾರೆ: "ಕೊರಿಯಾದ ಧಾರಾವಾಹಿ ನೋಡಿ ನೋಡಿ ನಮ್ಮ ಮಗಳಿಗೆ ಗೋಗುಮಾ ಲಾಟೆ ಕುಡಿಯುವ ಆಸೆ ಹುಟ್ಟಿದೆ. ಗೆಣಸಿಗೆ ನಮ್ಮಲ್ಲೇನು ಬರವೇ? ಮೈಕ್ರೋವೇವಿನಲ್ಲಿ ಬೇಯಿಸಿ, ಹಾಲು ಸೇರಿಸಿ ಮಿಕ್ಸಿಗೆ ಹಾಕಿದೆ. ಹಿಟ್ಟು ಕದಡಿದ ಹಾಗಾಯಿತು, ಸಿಹಿಯೇ ಇಲ್ಲ. ಅದೇ ಗೆಣಸನ್ನು ನಮ್ಮತ್ತೆ ಬೂದಿಯಲ್ಲಿ ಸುಟ್ಟರೆ ಬೆಲ್ಲದ ಹಾಗಿರುತ್ತದೆ. ಇದ್ಯಾಕೆ?"

ಅತ್ತೆಯವರ ಬೂದಿಯಲ್ಲೇ ಉತ್ತರವಿದೆ. ಅದಕ್ಕೆ ಮೊದಲು ಈ ಪಾನೀಯದ ಬಗ್ಗೆ ಎರಡು ಮಾತು. ಗೋಗುಮಾ ಎಂದರೆ ಗೆಣಸು. ಲಾಟೆ ಎಂದರೂ ಇದರಲ್ಲಿ ಕಾಫಿ ಇರುವುದಿಲ್ಲ. ಬೆಂದ ಗೆಣಸು, ಹಾಲು, ಚೂರು ಜೇನು ಅಥವಾ ಸಕ್ಕರೆ, ಮೇಲೆ ಬೇಕಾದರೆ ದಾಲ್ಚಿನ್ನಿ ಪುಡಿಯೋ ಬಾದಾಮಿ ಚೂರೋ, ಅಷ್ಟೆ. ಚಳಿಗಾಲದಲ್ಲಿ ಸೋಲ್ ನಗರದ ಬೀದಿಗಳಲ್ಲಿ ಡ್ರಮ್ಮಿನಂಥ ಒಲೆಯಲ್ಲಿ ಗೆಣಸು ಸುಟ್ಟು ಮಾರುತ್ತಾರೆ. ಆ ರುಚಿಯನ್ನು ಕೆಫೆಗಳು ಲೋಟಕ್ಕೆ ಇಳಿಸಿಕೊಂಡಿವೆ. ಕೊರಿಯನ್ನರು ಗೆಣಸಿನಲ್ಲೂ ಜಾತಿ ನೋಡುತ್ತಾರೆ. ಬಾಮ್ ಗೋಗುಮಾ ಒಣ ಒಣ, ಹಿಟ್ಟುಹಿಟ್ಟು, ತಿಂದರೆ ಗಂಟಲಿಗೆ ಹಿಡಿಯುತ್ತದೆ. ಹಾಗಾಗಿ ಅದರ ಜತೆಗೆ ಮೂಲಂಗಿಯ ನೀರು ಕಿಮ್ಚಿಯನ್ನೋ ಹಾಲನ್ನೋ ಇಟ್ಟುಕೊಳ್ಳುತ್ತಾರೆ. ಹೋಬಾಕ್ ಗೋಗುಮಾದ ಒಳಗು ಕುಂಬಳದ ಬಣ್ಣ, ಬೆಂದರೆ ಮೆತ್ತಗೆ, ಅಂಟಂಟು.

ಗೆಣಸು ಕೊರಿಯಾದ ಮೂಲನಿವಾಸಿಯೇನಲ್ಲ. ಅಮೆರಿಕ ಖಂಡದ ಈ ಬಳ್ಳಿ ಸ್ಪೇನಿನವರ ಹಡಗುಗಳ ಹಿಂದೆ ಫಿಲಿಪೀನ್ಸಿಗೆ ಬಂತು, ಹದಿನಾರನೇ ಶತಮಾನದ ಕೊನೆಗೆ ಚೀನಾದ ಫುಜಿಯಾನ್ ಸೇರಿತು, ಅಲ್ಲಿಂದ ಜಪಾನಿನ ಕಡೆ ಹಬ್ಬಿತು. 1763ರಲ್ಲಿ ಕೊರಿಯಾದ ಜೋಸೋನ್ ಅರಸರ ರಾಯಭಾರಿಯಾಗಿ ಜಪಾನಿಗೆ ಹೊರಟ ಜೋ ಒಮ್, ದಾರಿಯಲ್ಲಿ ಸಿಕ್ಕ ತ್ಸುಶಿಮಾ ದ್ವೀಪದಲ್ಲಿ ಈ ಬೆಳೆ ಕಂಡು ಬಿತ್ತನೆಯ ಗೆಡ್ಡೆಗಳನ್ನು ಬುಸಾನಿಗೆ ಕಳಿಸಿಕೊಟ್ಟ. ಬತ್ತ ಕೈಕೊಟ್ಟ ವರ್ಷ ಹೊಟ್ಟೆ ತುಂಬಿಸಲು ಇದು ಒದಗೀತು ಎಂಬುದು ಅವನ ಲೆಕ್ಕ. ಬುಸಾನಿಗೆ ಹೊಂದಿಕೊಂಡ ದೊಂಗ್ನೆಯಲ್ಲಿ ಅಧಿಕಾರಿಯಾಗಿದ್ದ ಕಾಂಗ್ ಪಿಲ್-ರಿ ಅದನ್ನು ಬೆಳೆಸಿ ನೋಡಿ, ಬೇಸಾಯದ ಕ್ರಮವನ್ನೇ ಒಂದು ಪುಸ್ತಕವಾಗಿ ಬರೆದಿಟ್ಟ. ಬರಗಾಲಕ್ಕೆಂದು ತಂದ ಗೆಡ್ಡೆ ಈಗ ಕೆಫೆಯಲ್ಲಿ ಕಾಫಿಗಿಂತ ದುಬಾರಿ ದರದಲ್ಲೂ ಬಿಕರಿಯಾಗುತ್ತದೆ.

ಈಗ ಸಿಹಿಯ ವಿಚಾರ. ಹಸಿ ಗೆಣಸಿನಲ್ಲಿ ಸಕ್ಕರೆ ಇಲ್ಲವೆಂದಲ್ಲ, ಒಂದಿಷ್ಟು ಸುಕ್ರೋಸ್ ಇದ್ದೇ ಇರುತ್ತದೆ. ಆದರೆ ಬೆಂದ ಗೆಣಸಿನ ಸಿಹಿಯಲ್ಲಿ ದೊಡ್ಡ ಪಾಲು ಮಾಲ್ಟೋಸ್ ಎಂಬ ಇನ್ನೊಂದು ಸಕ್ಕರೆಯದು, ಮತ್ತು ಹಸಿ ಗೆಡ್ಡೆಯಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ. ಒಲೆಯ ಮೇಲೆ, ಪಿಷ್ಟವನ್ನು ಕತ್ತರಿಸಿ ಆ ಹೊತ್ತಿಗೆ ತಯಾರಾಗುವ ಸಕ್ಕರೆ ಅದು. ಕತ್ತರಿಸುವ ಕೆಲಸ ಬೀಟಾ ಅಮೈಲೇಸ್ ಎಂಬ ಕಿಣ್ವದ್ದು. ಗೆಣಸಿನಲ್ಲಿ ಇದು ಧಾರಾಳವಾಗಿದೆ. ಆಲೂಗಡ್ಡೆಯಲ್ಲಿ ಪಿಷ್ಟ ತುಂಬಿದ್ದರೂ ಬೇಯಿಸಿದಾಗ ಸಿಹಿಯಾಗದಿರುವುದು ಅದರಲ್ಲಿ ಈ ಕಿಣ್ವ ತೀರ ಕಡಿಮೆ ಇರುವುದರಿಂದ.

ನುಗ್ಗೆ ಸೊಪ್ಪು ಬಿಡಿಸಿದವರಿಗೆ ಈ ಕಿಣ್ವದ ಕೆಲಸ ಸುಲಭವಾಗಿ ಅರ್ಥವಾದೀತು. ಕಡ್ಡಿಯಿಂದ ಕವಲು, ಕವಲಿಂದ ಮರಿಕವಲು, ತುದಿಗಳ ತುಂಬ ಎಲೆ. ಪಿಷ್ಟದ ಅಣುವಿನ ಆಕಾರವೂ ಹೆಚ್ಚುಕಡಿಮೆ ಹೀಗೇ. ಎಲೆಗಳ ಜಾಗದಲ್ಲಿ ಗ್ಲೂಕೋಸನ್ನು ಇಟ್ಟುಕೊಳ್ಳಿ. ಬೀಟಾ ಅಮೈಲೇಸ್ ತುದಿಯಿಂದ ಶುರು ಮಾಡಿ ಎರಡೆರಡೇ ಎಲೆ ಕೀಳುತ್ತ ಬರುತ್ತದೆ. ಹಾಗೆ ಕಿತ್ತ ಜೋಡಿಯೇ ಮಾಲ್ಟೋಸ್. ಕವಲು ಒಡೆದ ಜಾಗ ಬಂದರೆ ಅದಕ್ಕೆ ಮುಂದೆ ದಾರಿಯಿಲ್ಲ, ನಿಂತುಬಿಡುತ್ತದೆ. ಉಳಿದ ಬೋಳು ಕಡ್ಡಿಗಳು ಸಿಹಿಯಲ್ಲ, ಆದರೆ ವ್ಯರ್ಥವೂ ಅಲ್ಲ: ಲಾಟೆಗೆ ಬರುವ ಮಂದ ಹದದಲ್ಲಿ ಅವುಗಳ ಪಾಲೂ ಇದೆ.

ಆದರೆ ಸೊಪ್ಪಿನ ಕಟ್ಟು ಬಿಚ್ಚದೆ ಎಲೆ ಕೀಳುವುದು ಹೇಗೆ? ಹಸಿ ಗೆಣಸಿನಲ್ಲಿ ಪಿಷ್ಟ ಬಿಗಿಯಾದ ಕಣಗಳಾಗಿ ಕಟ್ಟಿಕೊಂಡಿರುತ್ತದೆ, ಕಿಣ್ವದ ಕೈಗೆ ತುದಿಗಳು ಸಿಗುವುದಿಲ್ಲ. ಬಿಸಿ ಏರಿ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕಣಗಳು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುತ್ತವೆ. ತೊಡಕೇನೆಂದರೆ ಕಿಣ್ವವೂ ಪ್ರೋಟೀನು, ಅದಕ್ಕೂ ಬಿಸಿ ತಾಗುತ್ತದೆ. ಗೆಣಸಿನ ಬೀಟಾ ಅಮೈಲೇಸ್ ಗಟ್ಟಿ ಜೀವ, 75ರ ತನಕ ದುಡಿಯುತ್ತದೆ. 80 ದಾಟಿದರೆ ಬಲುಬೇಗ ಕೆಡುತ್ತದೆ. ಕಟ್ಟು ಬಿಚ್ಚುವುದಕ್ಕೂ ಕೆಲಸದಾಳು ಸಾಯುವುದಕ್ಕೂ ನಡುವಿನ ಅಂತರ ಇಷ್ಟೇ ಇಷ್ಟು. ಗೆಣಸು ಈ ಅಂತರದಲ್ಲಿ ಎಷ್ಟು ಹೊತ್ತು ಕಳೆಯಿತು ಎನ್ನುವುದರ ಮೇಲೆ ಅದರ ಸಿಹಿ ನಿಂತಿದೆ. ಮೈಕ್ರೋವೇವ್ ಅದನ್ನು ಕೆಲವೇ ನಿಮಿಷಗಳಲ್ಲಿ ದಾಟಿಸಿಬಿಡುತ್ತದೆ. ಬಿಸಿ ಬೂದಿ ದಾಟಿಸುವುದಿಲ್ಲ, ಅಲ್ಲೇ ಕೂರಿಸಿಕೊಂಡಿರುತ್ತದೆ.

ಇದು ಬರೀ ಊಹೆಯಲ್ಲ. ಜಪಾನಿನಲ್ಲಿ ಸತ್ಸುಮಾಹಿಕಾರಿ ಎಂಬ ತಳಿಯಿದೆ. ಅದರಲ್ಲಿ ಬೀಟಾ ಅಮೈಲೇಸ್ ಕೆಲಸವೇ ಮಾಡುವುದಿಲ್ಲ, ಎಷ್ಟು ನಿಧಾನಕ್ಕೆ ಬೇಯಿಸಿದರೂ ಮಾಲ್ಟೋಸ್ ಹುಟ್ಟುವುದಿಲ್ಲ. ಇದಕ್ಕೆ ಎದುರಾಗಿ ಕ್ವಿಕ್ ಸ್ವೀಟ್ ಎಂಬ ಇನ್ನೊಂದು ತಳಿಯ ಪಿಷ್ಟ ಸುಮಾರು 20 ಡಿಗ್ರಿ ಕಡಿಮೆ ಬಿಸಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಅದು ಮೈಕ್ರೋವೇವಿನಲ್ಲೂ ಸಿಹಿಯಾಗುತ್ತದೆ.

ಕಿಣ್ವಗಳ ಚರಿತ್ರೆಯಲ್ಲಿ ಗೆಣಸಿಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ ಎಂಬ ಕೊರಗು ನನಗಿದೆ. 1833ರಲ್ಲಿ ಪ್ಯಾರಿಸ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಜ್ಯಾನ್ ಫ್ರಾನ್ಸ್ವಾ ಪೆರ್ಸೋ ಮೊಳಕೆ ಬಾರ್ಲಿಯ ರಸಕ್ಕೆ ಆಲ್ಕೋಹಾಲ್ ಬೆರೆಸಿ, ಕೆಳಗೆ ಕೂತ ಬಿಳಿ ವಸ್ತು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ ಎಂದು ತೋರಿಸಿದರು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಜೀವಿಯಿಂದ ಬೇರ್ಪಡಿಸಿ ತೆಗೆದ ಮೊದಲ ಕಿಣ್ವವದು. ಆದರೆ ಅದು ಯಾವ ಬಗೆಯ ವಸ್ತು ಎಂಬ ಜಗಳ ನೂರು ವರ್ಷ ಎಳೆಯಿತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಿಂದ ಯೂರಿಯೇಸ್ ಕಿಣ್ವದ ಹರಳು ಮಾಡಿ ಇದು ಪ್ರೋಟೀನು ಎಂದಾಗ ಜರ್ಮನಿಯ ಘಟಾನುಘಟಿಗಳು ನಂಬಲಿಲ್ಲ. 1946ರಲ್ಲಿ ಸಮ್ನರ್‌ಗೆ ನೊಬೆಲ್ ಬಂತು. ಆದಾಗಿ ಎರಡು ವರ್ಷಕ್ಕೆ, 1948ರಲ್ಲಿ, ಎ. ಕೆ. ಬಾಲ್ಸ್ ಮತ್ತು ಸಂಗಡಿಗರು ಬೀಟಾ ಅಮೈಲೇಸನ್ನು ಹರಳಾಗಿಸಿದರು. ಅವರು ಆರಿಸಿಕೊಂಡದ್ದು ಬಾರ್ಲಿಯನ್ನಲ್ಲ, ಗೆಣಸನ್ನು. ಇಂದಿಗೂ ಪ್ರೋಟೀನುಗಳ ಗಾತ್ರ ಅಳೆಯುವ ಪ್ರಯೋಗಾಲಯಗಳಲ್ಲಿ ಗೆಣಸಿನ ಬೀಟಾ ಅಮೈಲೇಸನ್ನು ಅಳತೆಗಲ್ಲಾಗಿ ಬಳಸುವುದುಂಟು. ಅದರ ತೂಕ ಸುಮಾರು 2,00,000 ಡಾಲ್ಟನ್.

ಕೊರಿಯಾದ ಅಜ್ಜಿಯರಿಗೆ ಇದಾವುದರ ಹಂಗಿರಲಿಲ್ಲ. ಶಿಖ್ಯೆ ಎಂಬ ಸಿಹಿ ಪಾನೀಯಕ್ಕೆ ಅವರು ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನವನ್ನು ಗಂಟೆಗಟ್ಟಲೆ ಬೆಚ್ಚಗಿಡುತ್ತಾರೆ. ಈಗಿನವರು ರೈಸ್ ಕುಕ್ಕರನ್ನು 'ವಾರ್ಮ್'ನಲ್ಲಿ ಬಿಟ್ಟು ನಿದ್ದೆ ಹೋಗುತ್ತಾರೆ. ಮೊಳಕೆ ರಾಗಿ ಹಿಟ್ಟಿನ ಗಂಜಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗೆ ಬರುವುದರ ಹಿಂದೆ ಇರುವುದೂ ಇದೇ ಕಿಣ್ವದ ಬಳಗ.

ಹಾಗಾದರೆ ಮನೆಯಲ್ಲಿ ಮಾಡುವುದು ಹೇಗೆ? ಎರಡು ಲೋಟಕ್ಕೆ ಕಾಲು ಕೆ.ಜಿ. ಗೆಣಸು ಸಾಕು. ತೊಳೆದು, ಸಿಪ್ಪೆ ಸಮೇತ ಇಡಿಯಾಗಿ ತಣ್ಣೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿಡಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣಿಸಿಕೊಂಡು, ನೀರು ಇನ್ನೂ ಕುದಿಯದೆ ಇರುವ ಹಂತ ಬಂದಾಗ ಉರಿಯನ್ನು ಆದಷ್ಟು ತಗ್ಗಿಸಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಅಡುಗೆಯ ಥರ್ಮಾಮೀಟರ್ ಇದ್ದವರು 70ರ ಆಚೀಚೆ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಚಾಕು ಸಲೀಸಾಗಿ ಇಳಿಯುವ ತನಕ ಕುದಿಸಿ. ಬಹಳ ಹೊತ್ತು 60ರ ಹತ್ತಿರವೇ ಇಟ್ಟರೆ ಪೆಕ್ಟಿನ್ ಗಟ್ಟಿಯಾಗಿ ಗೆಡ್ಡೆ ಆಮೇಲೂ ತುಸು ಬಿರುಸಾಗಿ ಉಳಿಯುತ್ತದೆ, ಆದರೆ ಮಿಕ್ಸಿಗೆ ಹೋಗುವ ಗೆಣಸಿಗೆ ಅದೊಂದು ದೊಡ್ಡ ದೋಷವಲ್ಲ. ಓವನ್ ಇದ್ದರೆ ಇನ್ನೂ ಒಳ್ಳೆಯದು: ಓವನ್ ತಣ್ಣಗಿರುವಾಗಲೇ ಒಳಗಿಟ್ಟು 160 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ಬಿಡಿ. ಸಿಪ್ಪೆಯಿಂದ ಪಾಕ ಜಿನುಗಿ ಕಂದುಗಟ್ಟಿದರೆ, ಸುಟ್ಟ ಗೆಣಸಿನ ಆ ಘಮವೂ ಜತೆಗೆ ಬಂತೆನ್ನಿ. ನೀರಲ್ಲಿ ಬೇಯಿಸಿದರೆ ಅದು ಸಿಗುವುದಿಲ್ಲ.

ಸಿಪ್ಪೆ ಸುಲಿದು, ನಾರು ತೆಗೆದು, ಮುಕ್ಕಾಲು ಲೋಟ ಹಾಲಿನೊಂದಿಗೆ ನುಣ್ಣಗೆ ರುಬ್ಬಿ. ಗೆಣಸು ಆರಿರಲಿ, ಹೊಗೆಯಾಡುವುದನ್ನು ಮುಚ್ಚಿ ರುಬ್ಬಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಇದನ್ನು ಉಳಿದ ಒಂದು ಲೋಟ ಬಿಸಿ ಹಾಲಿಗೆ ಸೇರಿಸಿ, ಚಿಟಿಕೆ ಉಪ್ಪು ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕಾಯಿಸಿ. ಬಿಳಿ ತಿರುಳಿನ ಒಣ ಗೆಣಸಾದರೆ ಹಾಲು ಇನ್ನಷ್ಟು ಬೇಕಾದೀತು. ಮಾಲ್ಟೋಸಿನ ಸಿಹಿ ಮಾಮೂಲಿ ಸಕ್ಕರೆಯ ಸುಮಾರು ಮೂರರಲ್ಲೊಂದು ಪಾಲು, ನಾಲಗೆಗೆ ಅದು ಸಾಲದಿದ್ದರೆ ಕೆಳಗಿಳಿಸಿದ ಮೇಲೆ ಜೇನು ಹಾಕಿ. ಬೆಲ್ಲ ಹಾಕುವವರಿಗಂತೂ ಇಳಿಸಿದ ಮೇಲೆ ಹಾಕಿ ಎಂದು ಹೇಳಬೇಕಾಗಿಲ್ಲ, ಒಡೆದ ಹಾಲಿನ ಅನುಭವ ಎಲ್ಲರಿಗೂ ಇದೆ.

ಈ ಪಾನೀಯ ತೂಕ ಇಳಿಸುತ್ತದೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಪ್ರಚಾರವನ್ನು ಮಾತ್ರ ನಾನು ನಂಬುವುದಿಲ್ಲ. ನೀರಲ್ಲಿ ಬೇಯಿಸಿದ ಗೆಣಸಿಗಿಂತ ಸುಟ್ಟ ಗೆಣಸು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದನ್ನು ನುಣ್ಣಗೆ ರುಬ್ಬಿ ಜೇನು ಬೆರೆಸಿದ ಮೇಲೆ ಪಥ್ಯದ ಮಾತೆಲ್ಲಿಯದು? ಮೇಲಾಗಿ ಸಿದ್ಧ ಪುಡಿ ಕದಡಿ ಕೊಡುವ ಕೆಫೆಗಳೂ ಇವೆ, ಅಂಥ ಪುಡಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ಪೊಟ್ಟಣದ ಹಿಂಬದಿ ಓದಬೇಕು. ಕಣ್ಣಿಗೆ ಒಳ್ಳೆಯದು ಎನ್ನುವುದರಲ್ಲಿ ಹುರುಳಿದೆ, ಆದರೆ ಕಿತ್ತಳೆ ತಿರುಳಿನ ಗೆಣಸಿಗೆ ಮಾತ್ರ. ಅದರ ಬೀಟಾ ಕ್ಯಾರೋಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ, ಹಾಲಿನ ಕೊಬ್ಬು ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. ಆಫ್ರಿಕದಲ್ಲಿ ಇಂಥ ತಳಿಗಳನ್ನು ಬೆಳೆಸಿ ಹಬ್ಬಿಸಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರು 2016ರ ವಿಶ್ವ ಆಹಾರ ಪ್ರಶಸ್ತಿ ಪಡೆದವರಲ್ಲಿ ಸೇರಿದ್ದಾರೆ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭೂ ಸೋನಾ ಕೂಡ ಕಿತ್ತಳೆ ತಿರುಳಿನದು. ಸಂಕ್ರಾಂತಿಗೆ ನಾವು ಅವರೆಕಾಯಿ, ಕಡಲೆಕಾಯಿಯ ಜತೆ ಬೇಯಿಸುವ ಬಿಳಿ ಗೆಣಸಿನಲ್ಲಿ ಕ್ಯಾರೋಟಿನ್ ಅತ್ಯಲ್ಪ.

ಬೆಳಗಾವಿಯ ಓದುಗರಿಗೆ ಇನ್ನೊಂದು ಮಾತು. ಹೊಲದಿಂದ ಆಗಷ್ಟೇ ಕಿತ್ತ ಗೆಣಸಿಗಿಂತ ಕೆಲವು ವಾರ ಇಟ್ಟದ್ದು ಸಿಹಿ, ಇಟ್ಟಲ್ಲೇ ಅದರ ಪಿಷ್ಟ ಸ್ವಲ್ಪ ಸಕ್ಕರೆಯಾಗುತ್ತದೆ. ಗಾಳಿಯಾಡುವ ಕಡೆ ನೆರಳಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ. 10 ಡಿಗ್ರಿಗಿಂತ ಕೆಳಗಿನ ಚಳಿ ಈ ಉಷ್ಣವಲಯದ ಗೆಡ್ಡೆಗೆ ಆಗಿಬರುವುದಿಲ್ಲ. ನಡುವೆ ಗಂಟುಗಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಕರಗುವುದಿಲ್ಲ.