ಸೌಟಿನ ಅಳತೆ ಹೇಳಿದವರು

ಸೊರಬ ತಾಲ್ಲೂಕಿನ ಗುಡವಿ ಎಂದೊಡನೆ ವಾಚಕರಿಗೆ ನೆನಪಾಗುವುದು ಅಲ್ಲಿಯ ಕೆರೆ. ಮಳೆಗಾಲದಲ್ಲಿ ನೀರಿನ ನಡುವಣ ಮರಗಳ ಮೇಲೆ ಗೂಡುಕಟ್ಟಿ ಮರಿಗಳಿಗೆ ಗುಟುಕು ಕೊಡುವ ಬಿಳಿ ಕೆಂಬರಲುಗಳು. ಮರಿಗೆಷ್ಟು ಬೇಕೆಂದು ಹಕ್ಕಿಗೆ ಯಾರೂ ಕಲಿಸಬೇಕಾಗಿಲ್ಲ. ಮನುಷ್ಯನಿಗಾದರೋ ಅದನ್ನು ಕಲಿಸಲು ಒಂದು ಶಾಸ್ತ್ರವೇ ಬೇಕಾಯಿತು. ಆ ಶಾಸ್ತ್ರದ ಮಾತು ಬಂದಾಗಲೆಲ್ಲ ನಾನು ನೆನೆಯುವುದು ಗೃಹವಿಜ್ಞಾನದ ಹಿರಿಯ ಪ್ರಾಧ್ಯಾಪಕಿ ರಾಜಮ್ಮಾಳ್ ಪಿ. ದೇವದಾಸ್ ಅವರನ್ನು.

1919ರಲ್ಲಿ ತಮಿಳುನಾಡಿನ ಚೆಂಗಂನಲ್ಲಿ ಹುಟ್ಟಿದ ಅವರು ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನಲ್ಲಿ 1957ರಲ್ಲಿ ಆರಂಭವಾದ ಅವಿನಾಶಿಲಿಂಗಂ ಗೃಹವಿಜ್ಞಾನ ಕಾಲೇಜನ್ನು ವಿಶ್ವವಿದ್ಯಾನಿಲಯದ ಮಟ್ಟಕ್ಕೆ ಬೆಳೆಸಿದವರಲ್ಲಿ ಪ್ರಮುಖರು. 1992ರಲ್ಲಿ ಪದ್ಮಶ್ರೀ ಸಂದಿತು.

ಗೃಹವಿಜ್ಞಾನವೆಂದರೆ ಅಡುಗೆ, ಹೊಲಿಗೆಯ ಪಾಠವೆಂದು ನಕ್ಕವರು ಬಹಳ. ಅದು ನ್ಯಾಯವಲ್ಲ. ಬಸಿದು ಚೆಲ್ಲಿದ ಗಂಜಿಯೊಡನೆ ಅನ್ನದ ಬಿ ಜೀವಸತ್ವಗಳೂ ಹರಿದುಹೋಗುತ್ತವೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಬಿದ್ದರೆ ಅದರ ಕಬ್ಬಿಣ ಹೆಚ್ಚಾಗಿ ಮೈಗೂಡುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ತಾಯಿಯ ತಟ್ಟೆಗೆ ಎಷ್ಟೋ ಮನೆಗಳಲ್ಲಿ ಉಳಿಯುವುದು ತಿಳಿಸಾರು. ಬಡತನದ ಜೊತೆಗೆ ಈ ಪದ್ಧತಿಯನ್ನೂ ಲೆಕ್ಕಕ್ಕೆ ತಂದದ್ದು ಆ ಶಾಸ್ತ್ರದ ಹಿರಿಮೆ.

ದೇವದಾಸ್ ತೀರಿಕೊಂಡದ್ದು 2002ರ ಮಾರ್ಚಿನಲ್ಲಿ. ಅದೇ ವರ್ಷದ ಜೂನಿನಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಅಕ್ಷರ ದಾಸೋಹ ಮೊದಲಾಯಿತು. ಬಳಿಕ ಮಲೆನಾಡಿಗೂ ಬಂದಿತು. ಇಂದು ಸೊರಬದ ಹಳ್ಳಿಯ ಮಕ್ಕಳು ಉಣ್ಣುವ ಬಿಸಿಯೂಟಕ್ಕೆ ಅಕ್ಕಿ ಇಷ್ಟು, ಬೇಳೆ ಇಷ್ಟು ಎಂಬ ಅಳತೆಯುಂಟು. ಅಂಥ ಅಳತೆಗಳ ಹಿಂದೆ ಇಂತಹ ಅಧ್ಯಾಪಕಿಯರ ಒಂದು ಪೀಳಿಗೆಯ ದುಡಿಮೆಯಿದೆ. ಯೋಜನೆಗೆ ಸಹಿ ಹಾಕಿದವರ ಹೆಸರನ್ನು ಫಲಕಗಳು ಕಾಯುತ್ತವೆ. ಸೌಟಿನ ಅಳತೆ ಹೇಳಿದವರನ್ನು ನಾವೇ ನೆನೆಯಬೇಕು.