ದಾರ ಕಾಣುವ ದೆವ್ವಗಳು

ಅಕ್ಟೋಬರ್ 31ರಂದು ಅಮೆರಿಕದಲ್ಲಿ ನಡೆಯುವ ಹ್ಯಾಲೋವೀನ್, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಿಂದ ವಲಸೆ ಹೋದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮೊಡನೆ ಕೊಂಡೊಯ್ದ ಹಬ್ಬ. ಸುಗ್ಗಿ ಮುಗಿದು ಚಳಿ ಕಾಲಿಡುವ ಆ ರಾತ್ರಿ ಸತ್ತವರು ಬದುಕಿರುವವರ ನಡುವೆ ಓಡಾಡುತ್ತಾರೆ ಎಂಬುದು ಅದರ ಹಿಂದಿನ ಹಳೆಯ ನಂಬಿಕೆ. ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುವುದು, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ಹಬ್ಬದ ಬೀದಿಯ ಮುಖವಾದರೆ, ಮನೆಯೊಳಗೆ ಅದಕ್ಕೆ ಇನ್ನೊಂದು ಮುಖವಿದೆ: ಅಕ್ಟೋಬರ್ ಬಂತೆಂದರೆ, ಎಂದೋ ಕಡಿಮೆ ದುಡ್ಡಿನಲ್ಲಿ ತಯಾರಾದ ಹಳೆಯ ದೆವ್ವದ ಸಿನಿಮಾಗಳನ್ನು ಅನೇಕರು ಹುಡುಕಿ ಹಾಕಿಕೊಂಡು ನೋಡುತ್ತಾರೆ, ಹೋದ ವರ್ಷ ನೋಡಿದ್ದನ್ನೇ ಈ ವರ್ಷವೂ ನೋಡುತ್ತಾರೆ. ಈ ರೂಢಿಯನ್ನು ಬೆಳೆಸಿದವರು ರಸಿಕರಿಗಿಂತ ಹೆಚ್ಚಾಗಿ ಖರ್ಚಿಗೆ ಹೆದರುವವರು ಎಂಬುದು ಅದರ ಚರಿತ್ರೆಯ ಸ್ವಾರಸ್ಯ.

1950ರ ದಶಕದಲ್ಲಿ ಊರೂರಿಗೆ ಹುಟ್ಟಿಕೊಂಡಿದ್ದ ಟೆಲಿವಿಷನ್ ಕೇಂದ್ರಗಳಿಗೆ ತಡರಾತ್ರಿಯ ಹೊತ್ತು ತುಂಬಿಸಲು ಅಗ್ಗದ ಸರಕು ಬೇಕಾಗಿತ್ತು. ಕೊಲಂಬಿಯಾ ಸ್ಟುಡಿಯೋದ ಟೆಲಿವಿಷನ್ ಅಂಗವಾಗಿದ್ದ ಸ್ಕ್ರೀನ್ ಜೆಮ್ಸ್, 1957ರಲ್ಲಿ ಬಹುಪಾಲು ಯೂನಿವರ್ಸಲ್ ಸ್ಟುಡಿಯೋಗೆ ಸೇರಿದ 52 ಹಳೆಯ ಚಿತ್ರಗಳನ್ನು ‘ಶಾಕ್’ ಎಂಬ ಹೆಸರಿನ ಒಂದೇ ಕಂತೆಯಾಗಿಸಿ ಮಾರಿದಾಗ, 1931ರ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ಗಳ ಜೊತೆಗೆ ಜನ ಮರೆತೇಬಿಟ್ಟಿದ್ದ ಎಷ್ಟೋ ಚಿತ್ರಗಳೂ ಮನೆಯೊಳಗೆ ಬಂದವು. ಚಿತ್ರದ ನಡುನಡುವೆ ಪ್ರೇಕ್ಷಕರೊಡನೆ ಹರಟಲು ಕೇಂದ್ರಗಳು ಒಬ್ಬರಿಗೆ ಶವದ್ದೋ ಪಿಶಾಚಿಯದ್ದೋ ವೇಷ ಹಾಕಿಸಿ ಕೂರಿಸುತ್ತಿದ್ದವು. ಇಂಥವರಿಗೆ ‘ಹಾರರ್ ಹೋಸ್ಟ್’ ಎಂದು ಹೆಸರು. ಲಾಸ್ ಏಂಜಲೀಸ್‌ನಲ್ಲಿ ಮೈಲಾ ನುರ್ಮಿ 1954ರಲ್ಲೇ ‘ವ್ಯಾಂಪೈರಾ’ ಆಗಿ ಈ ದಾರಿ ತೋರಿದ್ದರು. ಫಿಲಡೆಲ್ಫಿಯಾದ ಜಾನ್ ಝ್ಯಾಕರ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಂಭೀರ ದೃಶ್ಯದ ಮಧ್ಯೆ ತಮ್ಮ ಮುಖವನ್ನೇ ತೂರಿಸಿ ಪಾತ್ರಗಳನ್ನು ಗೇಲಿ ಮಾಡುತ್ತಿದ್ದರು. ರಾಕ್ಷಸನ ಅಟ್ಟಹಾಸದ ಮಗ್ಗುಲಲ್ಲೇ ಹಾಸ್ಯಗಾರನಿಗೂ ಜಾಗವಿರುವುದನ್ನು ಯಕ್ಷಗಾನದಲ್ಲಿ ಕಂಡವರಿಗೆ ಇದೇನೂ ವಿಚಿತ್ರವೆನಿಸಲಾರದು. ಹೆದರುವುದೂ ನಗುವುದೂ ಒಂದೇ ಸಲ ಕೂತಾಗ ಆಗಬಹುದೆಂಬ ಪಾಠ ಒಂದು ಇಡೀ ತಲೆಮಾರಿಗೆ ಹೀಗೆ ಆಯಿತು.

ಈ ಪರಂಪರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಬಗ್ಗೆ. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸೇರಿ ಹತ್ತು ಜನ ತಲಾ 600 ಡಾಲರ್ ಹಾಕಿ ಆರಂಭಿಸಿದ ಈ ಚಿತ್ರದ ಒಟ್ಟು ಖರ್ಚು ಸುಮಾರು 1,14,000 ಡಾಲರ್; ಹೆಣಗಳು ಎದ್ದು ಬಂದು ಮುತ್ತಿಗೆ ಹಾಕುವ ತೋಟದ ಮನೆ, ಹೇಗೂ ಕೆಡವಲು ಗೊತ್ತುಮಾಡಿದ್ದ ಕಟ್ಟಡ. ಬಣ್ಣವಿಲ್ಲದ ಫಿಲ್ಮಿನಲ್ಲಿ ರಕ್ತ ಕೆಂಪಾಗಿರಬೇಕಿಲ್ಲವಾದ್ದರಿಂದ ಚಾಕೊಲೇಟ್ ಪಾಕವನ್ನೇ ರಕ್ತವಾಗಿಸಿದರು. ಹೆಣಗಳು ಕಚ್ಚಿ ತಿನ್ನುವ ನರಮಾಂಸವೆಂದರೆ ಅದೇ ಪಾಕ ಸುರಿದ ಹಂದಿಮಾಂಸ. ಚಿತ್ರಕ್ಕೆ ಮೊದಲು ಬೇರೆ ಹೆಸರಿತ್ತು. ಬಿಡುಗಡೆಯ ಹೊತ್ತಿಗೆ ವಿತರಕರು ಹೆಸರು ಬದಲಿಸಿದಾಗ, ಹಳೆಯ ಶೀರ್ಷಿಕೆಯ ಜೊತೆಗಿದ್ದ ಕೃತಿಸ್ವಾಮ್ಯದ ಸೂಚನೆಯೂ, ಎಂದರೆ ಕೃತಿಯ ಹಕ್ಕು ಯಾರದೆಂದು ಸಾರುವ ಸಾಲೂ, ಬಿಟ್ಟುಹೋಯಿತು. ಆ ಸೂಚನೆಯಿಲ್ಲದೆ ಹೊರಬಂದ ಕೃತಿಯ ಮೇಲೆ ಹಕ್ಕೇ ಉಳಿಯುವುದಿಲ್ಲ ಎಂಬುದು ಆಗಿನ ಅಮೆರಿಕದ ಕಾನೂನು. ಒಂದು ಸಾಲು ತಪ್ಪಿದ್ದಕ್ಕೆ ತಯಾರಕರು ದೊಡ್ಡ ಬೆಲೆ ತೆತ್ತರು, ಚಿತ್ರ ಮಾತ್ರ ಅಮರವಾಯಿತು: ಹಕ್ಕಿನ ಹಣ ಕೊಡಬೇಕಿಲ್ಲವಾದ್ದರಿಂದ ಟೆಲಿವಿಷನ್ ಕೇಂದ್ರಗಳು ಅಕ್ಟೋಬರ್ ಬಂದಾಗಲೆಲ್ಲ ಅದನ್ನು ಹಾಕಿದವು, ವಿಡಿಯೋ ಕ್ಯಾಸೆಟ್ ಬಂದ ಮೇಲೆ ಯಾರು ಬೇಕಾದರೂ ಅದರ ಪ್ರತಿ ಮಾಡಿ ಮಾರಿದರು.

ಅಗ್ಗದ ಚಿತ್ರಗಳೆಲ್ಲ ಇಷ್ಟು ಚೆನ್ನಾಗಿರಲಿಲ್ಲ ಎನ್ನುವುದನ್ನೂ ಹೇಳಲೇಬೇಕು. ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನಲ್ಲಿ ಹಾರುವ ತಟ್ಟೆಗಳು ದಾರಕ್ಕೆ ಜೋತುಬಿದ್ದಿವೆ, 1956ರಲ್ಲಿ ತೀರಿಕೊಂಡ ನಟ ಬೆಲಾ ಲುಗೋಸಿಯ ಬದಲಿಗೆ ಅವರನ್ನು ಕಿಂಚಿತ್ತೂ ಹೋಲದ ಒಬ್ಬರು ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ಓಡಾಡುತ್ತಾರೆ. ನಿರ್ದೇಶಕ ವಿಲಿಯಂ ಕ್ಯಾಸಲ್ ಮಾತ್ರ ದಾರವನ್ನು ಮುಚ್ಚಿಡುವ ಗೋಜಿಗೇ ಹೋಗದೆ ಅದನ್ನೇ ಬಂಡವಾಳ ಮಾಡಿಕೊಂಡವರು. ಅವರ 1959ರ ‘ಹೌಸ್ ಆನ್ ಹಾಂಟೆಡ್ ಹಿಲ್’ ಪ್ರದರ್ಶನದಲ್ಲಿ, ತೆರೆಯ ಮೇಲೆ ಅಸ್ಥಿಪಂಜರ ಎದ್ದ ಹೊತ್ತಿಗೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರವೊಂದು ತಂತಿಯ ಮೇಲೆ ಪ್ರೇಕ್ಷಕರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಇಂಥ ಚಿತ್ರವನ್ನು ಮತ್ತೆ ಮತ್ತೆ ನೋಡುವವರು ಕಾಯುವುದು ಈ ಗಳಿಗೆಗಳಿಗೇ. ದಾರ ಎಲ್ಲಿ ಕಾಣುತ್ತದೆಂದು ಮೊದಲೇ ಗೊತ್ತಿರುವವರು ಗೊತ್ತಿಲ್ಲದವರ ಪಕ್ಕೆ ತಿವಿಯುತ್ತಾರೆ. ಅದ್ದೂರಿ ಚಿತ್ರಗಳು ಇಂಥ ಸಲುಗೆಗೆ ಎಡೆಕೊಡುವುದು ಅಪರೂಪ.

ಹಬ್ಬದ ಹೆಸರನ್ನೇ ಹೊತ್ತ ಜಾನ್ ಕಾರ್ಪೆಂಟರ್‌ರ ‘ಹ್ಯಾಲೋವೀನ್’, ಸುಮಾರು 3 ಲಕ್ಷ ಡಾಲರ್‌ಗಳಲ್ಲಿ ತಯಾರಾಗಿ 1978ರಲ್ಲಿ ತೆರೆಕಂಡಿತು. ಕಥೆ ಇಲಿನಾಯ್‌ನ ಶರತ್ಕಾಲದ್ದು, ಚಿತ್ರೀಕರಣ ಕ್ಯಾಲಿಫೋರ್ನಿಯಾದ ವಸಂತದ್ದು. ಆದ್ದರಿಂದ ಬಣ್ಣ ಬಳಿದ ಎಲೆಗಳನ್ನು ಬೀದಿಯಲ್ಲಿ ಚೆಲ್ಲಿ, ಒಂದು ಶಾಟ್ ಮುಗಿದೊಡನೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ಶಾಟ್‌ಗೆ ಮತ್ತೆ ಚೆಲ್ಲುತ್ತಿದ್ದರು. ಕೊಲೆಗಾರನ ಮುಖವಾಡ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕಿರ್ಕ್‌ನದನ್ನೇ ಎರಡು ಡಾಲರ್‌ಗಿಂತ ಕಡಿಮೆಗೆ ಕೊಂಡು ಬಿಳಿ ಬಣ್ಣ ಬಳಿದದ್ದು. ಆ ಚಿತ್ರದೊಳಗೂ ಹ್ಯಾಲೋವೀನ್ ರಾತ್ರಿ ಮಕ್ಕಳಿಬ್ಬರು ದೀಪವಾರಿಸಿ ಟೆಲಿವಿಷನ್ ಮುಂದೆ ಕೂತಿದ್ದಾರೆ. ಅದರಲ್ಲಿ ಬರುತ್ತಿರುವುದು 1951ರ ಕಪ್ಪು-ಬಿಳುಪು ಚಿತ್ರ ‘ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್’.